ಹಳೆಯ ಕಾರು ಖರೀದಿ: ನ್ಯಾಯಯುತ ಬೆಲೆ ಹಾಗೂ ಮಾಲೀಕತ್ವ ವರ್ಗಾವಣೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ವಾಹನ ನೋಂದಣಿ ಮತ್ತು ಮಾಲೀಕತ್ವ ವರ್ಗಾವಣೆಯ ಸೇವೆಗಳನ್ನು ಹೊನ್ನಾವರದ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯು (ಕೆಎ-47) ಒದಗಿಸುತ್ತದೆ. ಹಳೆಯ ಕಾರಿನ ಮಾರಾಟ ಬೆಲೆಯನ್ನು ಸರ್ಕಾರವು ನಿಗದಿಪಡಿಸುವುದಿಲ್ಲ. ಅದು ಮಾರುವವರು ಹಾಗೂ ಕೊಳ್ಳುವವರ ನಡುವಿನ ಒಪ್ಪಂದವಾಗಿರುತ್ತದೆ. ಆದರೆ ತೀರದ ಸಾಲ, ತೆರಿಗೆ ಹಾಗೂ ದಂಡಗಳ ಹೊರೆ ಕೊಳ್ಳುವವರ ಮೇಲೆ ಬೀಳುವ ಸಂಭವವಿರುವುದರಿಂದ, ದಾಖಲೆಗಳನ್ನು ಪರಿಶೀಲಿಸಿದ ನಂತರವೇ ಬೆಲೆಯ ಮಾತುಕತೆ ನಡೆಸುವುದು ಸೂಕ್ತ.

ಬೆಲೆಗೆ ಆಧಾರ

ಮಾರುವವರು ಹಿಂದೆ ತೆತ್ತ ಬೆಲೆಯನ್ನಲ್ಲ, ಅದೇ ಮಾದರಿಯ ಹೊಸ ಕಾರಿನ ಈಗಿನ ಬೆಲೆಯನ್ನು ಆಧಾರವಾಗಿ ಇಟ್ಟುಕೊಳ್ಳತಕ್ಕದ್ದು. 4 ಮೀಟರ್ ಮೀರದ ಉದ್ದದ, 1,200 ಸಿಸಿವರೆಗಿನ ಪೆಟ್ರೋಲ್ ಹಾಗೂ 1,500 ಸಿಸಿವರೆಗಿನ ಡೀಸೆಲ್ ಕಾರುಗಳ ಮೇಲಿನ ಜಿಎಸ್‌ಟಿ ದಿನಾಂಕ 22-9-2025ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಅದಕ್ಕೂ ಮುನ್ನ ಖರೀದಿಸಿದ ಕಾರಿನ ಹಳೆಯ ಬಿಲ್ಲನ್ನು ತೋರಿಸಿ ಹೆಚ್ಚಿನ ಬೆಲೆ ಕೇಳಿದಲ್ಲಿ ಈ ಅಂಶವನ್ನು ಗಮನಕ್ಕೆ ತರಬಹುದು.

ಪರಿಶೀಲಿಸಬೇಕಾದ ದಾಖಲೆಗಳು

1. ನೋಂದಣಿ ಪ್ರಮಾಣಪತ್ರ: ಇದರಲ್ಲಿರುವ ಎಂಜಿನ್ ಹಾಗೂ ಚಾಸಿಸ್ ಸಂಖ್ಯೆಗಳು ವಾಹನದೊಂದಿಗೆ ತಾಳೆಯಾಗಬೇಕು. ವಿವರಗಳನ್ನು ಪರಿವಾಹನ್ ಜಾಲತಾಣದಲ್ಲಿಯೂ ನೋಡಬಹುದು.

2. ಸಾಲ: ಪ್ರಮಾಣಪತ್ರದಲ್ಲಿ ಬ್ಯಾಂಕಿನ ಅಡಮಾನ ನಮೂದಾಗಿದ್ದಲ್ಲಿ, ನಮೂನೆ 35 ಹಾಗೂ ಬ್ಯಾಂಕಿನ ಸಾಲ ತೀರುವಳಿ ಪತ್ರ ದೊರೆಯುವವರೆಗೆ ಪೂರ್ಣ ಹಣ ಪಾವತಿಸಬಾರದು.

3. ವಿಮೆ: ಖರೀದಿಸಿದ 14 ದಿನಗಳೊಳಗೆ ವಿಮೆಯ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ನೋ ಕ್ಲೇಮ್ ಬೋನಸ್ ಮಾರುವವರಿಗೆ ಸೇರಿದ್ದು. ಅದು ಕೊಳ್ಳುವವರಿಗೆ ದೊರೆಯುವುದಿಲ್ಲ.

4. ದಂಡ: ಬಾಕಿ ಇರುವ ಇ-ಚಲನ್‌ಗಳನ್ನು ಮಾರುವವರಿಂದಲೇ ತೀರಿಸಿಕೊಳ್ಳಬೇಕು.

5. ಅವಧಿ: ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ನಂತರ ತಪಾಸಣೆಗೆ ಒಳಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕಾಗುತ್ತದೆ. ಅವಧಿ ಮುಗಿಯುತ್ತಾ ಬಂದ ಕಾರಿನ ಬೆಲೆಯಲ್ಲಿ ಈ ವೆಚ್ಚವನ್ನು ಕಳೆಯಬೇಕು.

6. ಗೋವಾದ ಕಾರುಗಳು: ಜಿಎ ನೋಂದಣಿಯ ಕಾರು ಅಗ್ಗವೆಂದು ತೋರಿದರೂ, ಅದನ್ನು ಇಲ್ಲಿ ಮರುನೋಂದಣಿ ಮಾಡಿಸಲು ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು ಹಾಗೂ ಕಾರಿನ ವಯಸ್ಸಿಗೆ ಅನುಗುಣವಾಗಿ ಕರ್ನಾಟಕದ ಜೀವಿತಾವಧಿ ತೆರಿಗೆ ಪಾವತಿಸಬೇಕು. ಈ ಮೊತ್ತವನ್ನು ಬೆಲೆ ಒಪ್ಪಿಕೊಳ್ಳುವ ಮೊದಲೇ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ವಾಹನದ ಸ್ಥಿತಿ

ಕರಾವಳಿಯ ಉಪ್ಪುಗಾಳಿಯಿಂದ ಕಾರಿನ ತಳಭಾಗ ಹಾಗೂ ಬಾಗಿಲುಗಳ ಕೆಳಅಂಚು ಬೇಗ ತುಕ್ಕು ಹಿಡಿಯುತ್ತವೆ. ಹೊಸದಾಗಿ ಬಣ್ಣ ಬಳಿದಿದ್ದಲ್ಲಿ ಕಾರಣ ಕೇಳಬೇಕು. ನೆರೆನೀರಿನಲ್ಲಿ ನಿಂತ ಕಾರನ್ನು ಗುರುತಿಸಲು ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಕಲೆ ಇದೆಯೇ ಎಂದು ನೋಡಬಹುದು. ಪರಿಚಿತ ಮೆಕ್ಯಾನಿಕ್‌ರಿಂದ ಹಗಲಿನಲ್ಲಿ ಪರೀಕ್ಷೆ ಮಾಡಿಸುವುದು ಲೇಸು.

ಲೆಕ್ಕ ಹಾಕುವ ರೀತಿ (ಉದಾಹರಣೆ ಮಾತ್ರ)

ಮಾರುವವರು ಕೇಳಿದ ಬೆಲೆ ರೂ. 3,00,000. ಟೈರುಗಳಿಗೆ ರೂ. 16,000, ತುಕ್ಕು ದುರಸ್ತಿಗೆ ರೂ. 14,000, ಅವಧಿ ಮುಗಿದ ವಿಮೆಗೆ ರೂ. 10,000 ತಗಲುವುದಾದರೆ ಒಟ್ಟು ರೂ. 40,000 ಕಳೆದು, ರೂ. 2,60,000ದಿಂದ ಮಾತುಕತೆ ಆರಂಭಿಸಬಹುದು. ಪ್ರತಿಯೊಂದು ಕಡಿತಕ್ಕೂ ಕಾರಣ ತೋರಿಸಿದಲ್ಲಿ ಚೌಕಾಶಿಗೆ ಬಲ ಬರುತ್ತದೆ.

ಮಾಲೀಕತ್ವ ವರ್ಗಾವಣೆ

ರಾಜ್ಯದೊಳಗಿನ ಮಾರಾಟವನ್ನು ಮಾರುವವರು 14 ದಿನಗಳೊಳಗೆ ನಮೂನೆ 29ರಲ್ಲಿ ತಿಳಿಸಬೇಕು. ಕೊಳ್ಳುವವರು 30 ದಿನಗಳೊಳಗೆ ನಮೂನೆ 30ರಲ್ಲಿ ಅರ್ಜಿ ಸಲ್ಲಿಸಬೇಕು. ಕಾರನ್ನು ಮಾರಿಯೂ ಹೆಸರು ಬದಲಾಗದಿದ್ದಲ್ಲಿ, ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕರೇ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ. ಆದ್ದರಿಂದ ಮುಂಗಡಕ್ಕೆ ರಸೀದಿ ಪಡೆದು, ಸಹಿ ಮಾಡಿದ ನಮೂನೆಗಳು ಕೈಸೇರಿದ ಮೇಲೆ ಉಳಿದ ಹಣವನ್ನು ಬ್ಯಾಂಕ್ ಮೂಲಕ ಪಾವತಿಸುವುದು ಉಭಯತರಿಗೂ ಕ್ಷೇಮಕರ.