ಮರವೇರುವ ಮೆಟ್ಟಿಲಿನ ಭೌತವಿಜ್ಞಾನ

ಅಡಕೆಯ ಮರಕ್ಕೆ ಕೊಂಬೆಯಿಲ್ಲ. ಉದುರಿಹೋದ ಹಾಳೆಗಳ ಉಂಗುರದಂತಹ ಗುರುತುಗಳನ್ನು ಬಿಟ್ಟರೆ ಕಾಲಿಗೆ ಆಸರೆಯಾಗುವಂಥದು ಅದರ ಮೇಲೆ ಏನೂ ಇಲ್ಲ. ಕಂಬದಂತೆ ನೆಟ್ಟಗೆ ನಿಂತ ಈ ಮರವನ್ನೇರಿ ಗೊನೆ ಇಳಿಸುವವನನ್ನು ಮಲೆನಾಡಿನಲ್ಲಿ ಕೊನೆಗೌಡನೆಂದು ಕರೆಯುತ್ತಾರೆ. ಅವನ ಸಲಕರಣೆಗಳು ಬಹು ಸರಳ: ಕಾಲುಗಳಿಗೆ ತೊಡುವ ತಳೆ, ಮೇಲೆ ಕಟ್ಟಿಕೊಂಡು ಕುಳಿತುಕೊಳ್ಳಲು ಒಂದು ಮಣೆ, ಸೊಂಟದಲ್ಲಿ ಕತ್ತಿ. ಹನ್ನೆರಡು ಮೀಟರು ಎತ್ತರದಿಂದ ಬಿದ್ದ ವಸ್ತು ನೆಲವನ್ನು ಮುಟ್ಟುವಾಗ ಗಂಟೆಗೆ ಸುಮಾರು 55 ಕಿಲೋಮೀಟರು ವೇಗವನ್ನು ಪಡೆದಿರುತ್ತದೆಂದು ನೆನೆದರೆ ಈ ಕೆಲಸದ ಅಪಾಯ ಎಷ್ಟೆಂಬುದು ಮನದಟ್ಟಾಗುತ್ತದೆ.

ಹಾಗಾದರೆ ಅವನನ್ನು ಮರದ ಮೇಲೆ ಹಿಡಿದು ನಿಲ್ಲಿಸುವುದು ಯಾವುದು? ಘರ್ಷಣೆ. ನಮ್ಮ ಪಠ್ಯಪುಸ್ತಕಗಳು ಘರ್ಷಣೆಯನ್ನು ಬಹುಮಟ್ಟಿಗೆ ಶಕ್ತಿಯನ್ನು ನುಂಗುವ ವೈರಿಯಂತೆ ಚಿತ್ರಿಸುತ್ತವೆ; ಕೊನೆಗೌಡನ ಪಾಲಿಗೆ ಅದೇ ಪ್ರಾಣರಕ್ಷಕ. ಎರಡು ಮೈಗಳ ನಡುವೆ ಉಂಟಾಗಬಲ್ಲ ಘರ್ಷಣಬಲದ ಮಿತಿಯು ಅವನ್ನು ಒತ್ತಿ ಹಿಡಿದಿರುವ ಬಲವನ್ನೂ ಘರ್ಷಣ ಗುಣಾಂಕವನ್ನೂ ಗುಣಿಸಿದಷ್ಟು ಇರುತ್ತದೆ. ಅರವತ್ತು ಕಿಲೋಗ್ರಾಮಿನ ಮನುಷ್ಯನ ತೂಕ ಸುಮಾರು 600 ನ್ಯೂಟನ್. ಗುಣಾಂಕವು 0.5 ಎಂದಿಟ್ಟುಕೊಂಡರೆ, ಪಾದಗಳೆರಡರಲ್ಲೇ ತೂಕವನ್ನೆಲ್ಲ ಹೊರುವಾಗ ಅವನು ಒಂದೊಂದು ಪಾದದಿಂದಲೂ 600 ನ್ಯೂಟನ್ ಬಲದಿಂದ ಮರವನ್ನು ಇಕ್ಕುಳದಂತೆ ಹಿಂಡಬೇಕು. ಪಾದಗಳು ಒಂದರಿಂದೊಂದು ದೂರ ಸರಿಯದಂತೆ ತಡೆದು ಈ ಹಿಂಡುವಿಕೆಗೆ ನೆರವಾಗುವುದೇ ತಳೆಯ ಕೆಲಸ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಹನ್ನೆರಡು ಮೀಟರಿನ ಮರವನ್ನು ಒಮ್ಮೆ ಏರಲು ಗುರುತ್ವದ ವಿರುದ್ಧ ಮಾಡಬೇಕಾದ ಕಾರ್ಯ 7,200 ಜೂಲ್. ನೂರು ಮರಗಳನ್ನೇರಿದರೂ ಅದು 172 ಕಿಲೋಕ್ಯಾಲೊರಿಗಳನ್ನು ಮೀರದು. ಸ್ನಾಯುಗಳು ತಾವು ವ್ಯಯಿಸುವ ಶಕ್ತಿಯ ನಾಲ್ಕನೆಯ ಒಂದು ಪಾಲನ್ನೋ ಐದನೆಯ ಒಂದು ಪಾಲನ್ನೋ ಮಾತ್ರ ಕಾರ್ಯವಾಗಿ ಮಾರ್ಪಡಿಸುತ್ತವೆಂದು ಲೆಕ್ಕ ಹಿಡಿದರೂ ಇದು ಅಸಾಧ್ಯವಾದ ದುಡಿಮೆಯೇನಲ್ಲ. ಆದರೂ ಏರುವವನು ಬೇಗ ಬಳಲುತ್ತಾನೆ. ಏಕೆಂದರೆ ಹಿಂಡುವ ಬಲ ಮರವನ್ನು ಅಲುಗಿಸುವುದಿಲ್ಲ. ಬಲವಿದ್ದರೂ ಚಲನೆಯಿಲ್ಲದಿರುವಲ್ಲಿ ಭೌತವಿಜ್ಞಾನದ ಲೆಕ್ಕಕ್ಕೆ ಕಾರ್ಯವು ಸೊನ್ನೆ. ಸ್ನಾಯುಗಳಿಗೆ ಮಾತ್ರ ಈ ಲೆಕ್ಕ ತಿಳಿಯದು. ಬಿಗಿಹಿಡಿದಷ್ಟು ಹೊತ್ತೂ ಅವು ದಣಿಯುತ್ತಲೇ ಇರುತ್ತವೆ. ಆದುದರಿಂದ ಮರವೇರುವುದನ್ನು ಸುಲಭಗೊಳಿಸಬೇಕಾದರೆ ಹಿಂಡುವ ಹೊಣೆಯನ್ನು ಸ್ನಾಯುಗಳಿಂದ ಬಿಡಿಸಿ ಬೇರೊಂದಕ್ಕೆ ಒಪ್ಪಿಸಬೇಕು.

ಆ ಹೊಣೆಯನ್ನು ಏರುವವನ ತೂಕವೇ ಹೊರಬಲ್ಲದು. ವಿದ್ಯಾರ್ಥಿಗಳು ಈ ಪ್ರಯೋಗವನ್ನು ತಾವೇ ಮಾಡಿ ನೋಡಬಹುದು. ಎರಡು ಸೆಂಟಿಮೀಟರು ದಪ್ಪದ ಹಲಗೆಯೊಂದರ ತುದಿಯ ಬಳಿ ತೂತು ಕೊರೆದು, ತೂತಿಗಿಂತ ತುಸು ಸಣ್ಣದಾದ ಕೋಲನ್ನು ಅದರಲ್ಲಿ ತೂರಿಸಿ ನೆಟ್ಟಗೆ ನಿಲ್ಲಿಸಿರಿ. ಹಲಗೆಯನ್ನು ಕೋಲಿನ ಪಕ್ಕದಲ್ಲಿಯೇ ಒತ್ತಿದರೆ ಅದು ಜಾರಿ ಇಳಿಯುತ್ತದೆ. ಕೋಲಿನಿಂದ ದೂರದಲ್ಲಿ ಒತ್ತಿದರೆ ಕಚ್ಚಿಕೊಂಡು ನಿಲ್ಲುತ್ತದೆ. ಬಲವಾಗಿ ಒತ್ತಿದಷ್ಟೂ ಬಲವಾಗಿ ಕಚ್ಚುತ್ತದೆ. ಹಲಗೆ ವಾಲಿದಾಗ ಅದರ ಕೆಳಅಂಚು ಕೋಲಿನ ಈಚೆಯ ಮೈಯನ್ನೂ ಮೇಲಂಚು ಆಚೆಯ ಮೈಯನ್ನೂ ಒತ್ತುವುದೇ ಇದಕ್ಕೆ ಕಾರಣ.

ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ಎಂಬ ಕೃಷಿಕರು ರೂಪಿಸಿದ ತೆಂಗಿನ ಮರ ಏರುವ ಸಾಧನವು ಇದೇ ತತ್ತ್ವದ ಮೇಲೆ ನಿಂತಿದೆ. ಅದರಲ್ಲಿ ಎರಡು ಕಬ್ಬಿಣದ ಚೌಕಟ್ಟುಗಳಿವೆ. ಒಂದೊಂದರಲ್ಲೂ ಪಾದವಿಡಲು ಒಂದು ಮೆಟ್ಟು, ಮರವನ್ನು ಸುತ್ತುವ ಒಂದು ತಂತಿಹಗ್ಗ. ಒಂದು ಕಾಲಿನ ಮೇಲೆ ತೂಕ ಬಿಟ್ಟಾಗ ಆ ಚೌಕಟ್ಟು ಕಚ್ಚುತ್ತದೆ. ತೂಕ ತೆಗೆದ ಇನ್ನೊಂದು ಸಡಿಲಗೊಂಡು ಮೇಲೇರುತ್ತದೆ. ಭಾರವೇ ಬೀಗ, ಭಾರವೇ ಬೀಗದ ಕೈ.

ಇಂತಹ ಮೆಟ್ಟು ಯಾವಾಗ ಜಾರುವುದಿಲ್ಲ? ಮರದ ನಡುಗೆರೆಯಿಂದ ಪಾದಕ್ಕಿರುವ ದೂರವನ್ನು 'ಚಾಚು' ಎಂದೂ, ಹಿಂದಿನ ಹಗ್ಗ ಮತ್ತು ಮುಂದಿನ ಪಟ್ಟಿ ಮರವನ್ನು ಒತ್ತುವ ಜಾಗಗಳ ನಡುವಣ ಎತ್ತರದ ವ್ಯತ್ಯಾಸವನ್ನು 'ಅಂತರ' ಎಂದೂ ಕರೆಯೋಣ. ಭಾರವು ತಿರುಗಿಸುವ ಪ್ರಯತ್ನವನ್ನು ಎರಡು ಒತ್ತುಬಲಗಳು ಸರಿದೂಗಿಸಬೇಕು. ಎರಡೂ ಕಡೆಯ ಘರ್ಷಣೆ ಕೂಡಿ ಭಾರವನ್ನು ಹೊರಬೇಕು. ಈ ಎರಡು ಷರತ್ತುಗಳಿಂದ ದೊರೆಯುವ ಫಲ ಇದು: ಚಾಚು, ಅಂತರವನ್ನು ಗುಣಾಂಕದ ಎರಡರಷ್ಟರಿಂದ ಭಾಗಿಸಿದುದಕ್ಕಿಂತ ಕಡಿಮೆಯಿರಕೂಡದು. ಈ ಸೂತ್ರದಲ್ಲಿ ಮನುಷ್ಯನ ತೂಕ ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಿರಿ. ತೆಳ್ಳಗಿನವನನ್ನು ಹೊತ್ತ ಮೆಟ್ಟು, ಕಬ್ಬಿಣ ಮುರಿಯದಿದ್ದರೆ, ದಪ್ಪನವನನ್ನೂ ಹೊರುತ್ತದೆ.

ತೆಂಗಿಗೆ ಹೊಂದುವ ಮೆಟ್ಟನ್ನು ಅಡಕೆಗೆ ಹಾಗೆಯೇ ತರಲಾಗದು. ಅಂತರ 10 ಸೆಂಟಿಮೀಟರು, ಗುಣಾಂಕ 0.4 ಆದರೆ ಚಾಚು ಹನ್ನೆರಡೂವರೆ ಸೆಂಟಿಮೀಟರು ಇದ್ದರೆ ಸಾಕು. ಮೂವತ್ತು ಸೆಂಟಿಮೀಟರು ದಪ್ಪದ ತೆಂಗಿನಲ್ಲಿ ಈ ಬಿಂದು ಕಾಂಡದ ಒಳಗೇ ಬೀಳುವುದರಿಂದ, ಹೊರಗಿರುವ ಪಾದಕ್ಕೆ ಷರತ್ತು ತಾನಾಗಿಯೇ ಈಡೇರುತ್ತದೆ. ಅಡಕೆಯ ಮರ ಅದರ ಅರ್ಧದಷ್ಟು ದಪ್ಪವೂ ಇರುವುದು ಕಷ್ಟ. ಅದೂ ಅಲ್ಲದೆ ಮೇಲೇರಿದಂತೆ ಅದು ಸಣ್ಣದಾಗುತ್ತದೆ. ಹಗ್ಗದ ಸುತ್ತು ಬದಲಾಗದಿದ್ದರೆ ಮೆಟ್ಟು ಹೆಚ್ಚು ಹೆಚ್ಚು ವಾಲಿ ಅಂತರ ಬೆಳೆಯುತ್ತದೆ. ಒತ್ತುವ ಎರಡು ಜಾಗಗಳ ನಡುವೆ ಓರೆಯಾಗಿ 17 ಸೆಂಟಿಮೀಟರು ಇರುವ ಮೆಟ್ಟೊಂದನ್ನು ಊಹಿಸಿಕೊಳ್ಳಿರಿ. ಕಾಂಡದ ದಪ್ಪ 15 ಆಗಿರುವಲ್ಲಿ, ಪೈಥಾಗೊರಸನ ಪ್ರಮೇಯದಂತೆ, ಅಂತರ 8; ದಪ್ಪ 12ಕ್ಕೆ ಇಳಿದಲ್ಲಿ ಅಂತರ ಸುಮಾರು 12. ಅಂದರೆ ಬೇಕಾದ ಚಾಚು 10ರಿಂದ 15ಕ್ಕೆ ಏರಿತು. ಕಾಂಡದ ಹೊರಮೈಯಿಂದ ಅಳೆದರೆ ಎರಡೂವರೆ ಸೆಂಟಿಮೀಟರು ಇದ್ದದ್ದು ಒಂಬತ್ತಾಯಿತು! ಬುಡದಲ್ಲಿ ಭದ್ರವಾಗಿ ಕಚ್ಚಿದ ಮೆಟ್ಟು ತುದಿಯಲ್ಲಿ, ಎಲ್ಲಿ ಜಾರಕೂಡದೋ ಅಲ್ಲಿಯೇ, ಜಾರಬಹುದು. ಆದಕಾರಣ ಏರುತ್ತಿರುವಾಗಲೇ ಹಗ್ಗವನ್ನು ಬಿಗಿಗೊಳಿಸುವ ಏರ್ಪಾಡು ಅತ್ಯಾವಶ್ಯಕ.

ಮಳೆಗಾಲದಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗದ ಬಗೆಗಿನ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಈ ರೋಗವನ್ನು ತಡೆಯಲು ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. ಒಮ್ಮೆ ಮಳೆ ಹಿಡಿಯುವ ಮುನ್ನ, ಮತ್ತೆ ಸುಮಾರು ನಲವತ್ತು ದಿನಗಳ ತರುವಾಯ. ಎರಡನೆಯ ಸಲಕ್ಕೆ ಮರ ಪಾಚಿಗಟ್ಟಿ ನುಣುಪಾಗಿರುತ್ತದೆ. ಗುಣಾಂಕ 0.2ಕ್ಕೆ ಇಳಿದರೆ ಬೇಕಾದ ಚಾಚು ಇಮ್ಮಡಿಯಾಗುತ್ತದೆ. ಪಾದವನ್ನು ಅಷ್ಟು ಹೊರಕ್ಕೆ ಸರಿಸಿದರೆ ಮೈಯೂ ಮರದಿಂದ ದೂರವಾಗಿ, ಉಳಿಸಿದ ಕಾಲಿನ ಶ್ರಮವನ್ನು ತೋಳು ತೆರಬೇಕಾಗುತ್ತದೆ. ಆದುದರಿಂದ ಚಾಚನ್ನು ಮಿತವಾಗಿ ಹೆಚ್ಚಿಸಿ, ಒತ್ತುವ ಜಾಗಗಳಿಗೆ ಗೀರುಗಳುಳ್ಳ ರಬ್ಬರು ಹೊದಿಸಿ, ಅಂತರವನ್ನು ಕಿರಿದಾಗಿಡುವುದೇ ವಿವೇಕವೆಂದು ನಮಗೆ ತೋರುತ್ತದೆ.

ಮರವೇರದೆಯೇ ಕೊಯ್ಯಲು ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳು ಈಗ ಬಂದಿವೆ. 2019ರಲ್ಲಿ ಬಂಟ್ವಾಳ ತಾಲೂಕಿನ ಕೃಷಿಕರೊಬ್ಬರ ಎಂಜಿನ್ ಚಾಲಿತ ಯಂತ್ರ ನಾಡಿನ ಗಮನ ಸೆಳೆಯಿತು. ಆದರೂ ಏರುವವರು ಇದ್ದೇ ಇದ್ದಾರೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಚೆಂಬೇರಿ ಮಾದರಿಗೆ ಸುರಕ್ಷಾ ಸಾಧನವೊಂದನ್ನು ಜೋಡಿಸಿದ್ದು ಇಂಥವರಿಗಾಗಿಯೇ.

ಸೊಂಟಪಟ್ಟಿಯ ಹಗ್ಗದ ವಿಷಯದಲ್ಲಿಯೂ ಒಂದು ಲೆಕ್ಕವಿದೆ. ಹಗ್ಗ ಸಡಿಲವಾಗಿದ್ದು ಮನುಷ್ಯ ಒಂದು ಮೀಟರು ಬಿದ್ದ ಮೇಲೆ, ಮುಂದಿನ ಹತ್ತು ಸೆಂಟಿಮೀಟರಿನಲ್ಲಿ ಅದು ಅವನನ್ನು ತಡೆದು ನಿಲ್ಲಿಸಿತೆನ್ನೋಣ. ಆಗ ಅವನ ಸೊಂಟಕ್ಕೆ ತಗಲುವ ಸರಾಸರಿ ಬಲ ಅವನ ತೂಕದ ಹನ್ನೊಂದರಷ್ಟು, ಎಂದರೆ 6,600 ನ್ಯೂಟನ್. ಹತ್ತೇ ಸೆಂಟಿಮೀಟರು ಬಿದ್ದಿದ್ದರೆ ಅದು ಎರಡರಷ್ಟು ಮಾತ್ರ. ಹಗ್ಗವನ್ನು ಸೊಂಟಕ್ಕಿಂತ ಮೇಲೆ, ಸಡಿಲ ಬಿಡದೆ ಕಟ್ಟಬೇಕು. ಒಂದೊಂದು ಹೆಜ್ಜೆಗೂ ಅದನ್ನು ಮೇಲಕ್ಕೆ ಸರಿಸುತ್ತಿರಬೇಕು.