ಗಬ್ಬದ ದನದ ಹೃದಯವೂ ಉಪ್ಪು-ನೀರಿನ ಲೆಕ್ಕವೂ

‘ಗಬ್ಬದ ಹಸುವಿಗೆ ಜಾಸ್ತಿ ನೀರು ಕುಡಿಸಬೇಡಿ, ಕೆಚ್ಚಲು ಬಾತುಕೊಳ್ಳುತ್ತೆ’ ಅನ್ನೋ ಮಾತು ನಮ್ಮ ಬಯಲುಸೀಮೆ ಕಡೆ ಇನ್ನೂ ಇದೆ. ಬೇಸಿಗೆಯಲ್ಲಿ ಕೊಳವೆಬಾವಿ ಕೈಕೊಟ್ಟಾಗ ನೀರು ಹೊರುವವರಿಗೆ ಈ ಮಾತು ಅನುಕೂಲವೂ ಹೌದು. ಆದರೆ ಗಬ್ಬದ ಪ್ರಾಣಿಯ ಮೈಯೊಳಗೆ ಏನು ನಡೆಯುತ್ತದೆ ಎಂದು ತಿಳಿದರೆ ನೀರು ಕಮ್ಮಿ ಮಾಡಲು ಮನಸ್ಸು ಬರಲಿಕ್ಕಿಲ್ಲ.

ಹೃದಯ ಅಂದರೆ ರಕ್ತ ತಳ್ಳುವ ಪಂಪು, ಏಳನೇ ಕ್ಲಾಸಿನವರೆಗೆ ನಾನು ಓದಿದ್ದು ಇಷ್ಟೇ. ಅದು ಹಾರ್ಮೋನನ್ನೂ ಸುರಿಸುತ್ತದೆ ಎಂದು ಗಟ್ಟಿಯಾಗಿ ತಿಳಿದದ್ದು 1981ರಲ್ಲಿ. ಕೆನಡಾದಲ್ಲಿ ಅಡಾಲ್ಫೊ ಡಿ ಬೋಲ್ಡ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಇಲಿಗಳ ಹೃದಯದ ಮೇಲಿನ ಕೋಣೆಗಳನ್ನು ಅರೆದು, ಅದರ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಸ್ವಲ್ಪ ಹೊತ್ತಿಗೇ ಆ ಇಲಿಗಳ ಮೂತ್ರ ಹೆಚ್ಚಿತು, ಮೂತ್ರದಲ್ಲಿ ಉಪ್ಪೂ ಹೆಚ್ಚಿತು. ಕೆಳಗಿನ ಕೋಣೆಗಳ ಸಾರ ಚುಚ್ಚಿದರೆ ಹೀಗಾಗಲಿಲ್ಲ. ಈ ಹಾರ್ಮೋನಿಗೆ ಎ.ಎನ್.ಪಿ. ಅಂತ ಹೆಸರು.

ಇದರ ಕೆಲಸ ನಮ್ಮ ಕೆರೆ ಕೋಡಿಯ ಹಾಗೆ. ಮೈಯಲ್ಲಿ ರಕ್ತ ಹೆಚ್ಚಾಗಿ ಹೃದಯದ ಮೇಲಿನ ಕೋಣೆ ಹಿಗ್ಗಿತೋ, ಎ.ಎನ್.ಪಿ. ಹೊರಬೀಳುತ್ತದೆ. ರಕ್ತನಾಳ ಸಡಿಲಿಸುತ್ತದೆ, ಹೆಚ್ಚಾದ ಉಪ್ಪು-ನೀರನ್ನು ಮೂತ್ರಪಿಂಡದಿಂದ ಹೊರಗೆ ಹಾಕಿಸುತ್ತದೆ.

ಈಗ ಗಬ್ಬದ ವಿಷಯಕ್ಕೆ ಬನ್ನಿ. ಹೊಟ್ಟೆಯ ಕರುವಿಗೆ ರಕ್ತ ಹರಿಯಬೇಕಾದರೆ ತಾಯಿ ಮೈಯಲ್ಲಿ ರಕ್ತ ಹೆಚ್ಚಬೇಕು. ಕೋಡಿ ಯಥಾಪ್ರಕಾರ ಹರಿದರೆ ಹೆಚ್ಚುವುದು ಹೇಗೆ? ಪ್ರಕೃತಿ ಇದಕ್ಕೆ ಎರಡು ಉಪಾಯ ಮಾಡಿದೆ. ಗಬ್ಬ ನಿಂತ ಮೇಲೆ ರಕ್ತನಾಳಗಳು ಸಡಿಲವಾಗುತ್ತವೆ, ಅಂದರೆ ಕೆರೆಯೇ ಅಗಲವಾದ ಹಾಗೆ. ಹಾಗಾಗಿ ರಕ್ತ ಹೆಚ್ಚಿದಷ್ಟು ಹೃದಯದ ಕೋಣೆ ಹಿಗ್ಗುವುದಿಲ್ಲ, ಹಾರ್ಮೋನೂ ಅಷ್ಟಾಗಿ ಏರುವುದಿಲ್ಲ. (ಈ ಏರಿಳಿತ ಎಲ್ಲ ಪ್ರಾಣಿಗಳಲ್ಲೂ ಒಂದೇ ಸಮ ಅಲ್ಲ.) ಎರಡನೆಯದು, ಮೂತ್ರಪಿಂಡ ಸ್ವಲ್ಪ ಕಿವುಡಾಗುತ್ತದೆ. ಗಬ್ಬದ ಇಲಿಗೆ ಎ.ಎನ್.ಪಿ. ಕೊಟ್ಟರೆ, ಗಬ್ಬ ಇಲ್ಲದ ಇಲಿಯಷ್ಟು ಉಪ್ಪನ್ನು ಅದು ಹೊರಹಾಕುವುದಿಲ್ಲ.

ಹಾಗಂತ ಗಬ್ಬದಲ್ಲಿ ಈ ಹಾರ್ಮೋನು ಬೇಡವೇ ಬೇಡ ಅಂತಲ್ಲ. ಅದು ಗರ್ಭಕೋಶದಲ್ಲೂ ತಯಾರಾಗುತ್ತದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎ.ಎನ್.ಪಿ. ಇಲ್ಲದ ಚಿಟ್ಟಿಲಿಗಳಿಗೆ ಗಬ್ಬವಾದಾಗ ಗರ್ಭಕೋಶದ ರಕ್ತನಾಳ ಸರಿಯಾಗಿ ಅಗಲವಾಗಲಿಲ್ಲ, ರಕ್ತದ ಒತ್ತಡವೂ ಏರಿತು.

ಒಟ್ಟಿನಲ್ಲಿ ಗಬ್ಬದ ದನ ನೀರು-ಉಪ್ಪನ್ನು ಬೇಕೆಂದೇ ಕೂಡಿಡುತ್ತಿರುತ್ತದೆ. ನಾವು ನೀರು ಬಿಗಿಹಿಡಿದರೆ ಆ ಕೂಡಿಕೆಗೇ ಕಲ್ಲು ಹಾಕಿದ ಹಾಗೆ. ಮೇವು ತಿನ್ನುವುದೂ ಕಮ್ಮಿಯಾಗುತ್ತದೆ. ಮೇಕೆ, ಕುರಿಗೂ ಇದೇ ಮಾತು. ಬೇಸಿಗೆಯಲ್ಲಿ ಮೂರು ಹೊತ್ತಾದರೂ ತಣ್ಣನೆ ನೀರು ತೋರಿಸಿ, ಕುಡಿಯುವಷ್ಟು ಕುಡಿಯಲಿ.

ಬಿಗಿ ಮಾಡಬೇಕಾದ್ದು ನೀರನ್ನಲ್ಲ, ಉಪ್ಪನ್ನು. ದಿನ ತುಂಬುವಾಗ ಕೆಚ್ಚಲು ತುಸು ಊದಿಕೊಳ್ಳುವುದು ಸಹಜ, ಚೊಚ್ಚಲು ಕಡಸುಗಳಲ್ಲಿ ಜಾಸ್ತಿ. ಆಗ ಕಲಗಚ್ಚಿಗೆ ಹಿಡಿ ಹಿಡಿ ಕಲ್ಲುಪ್ಪು ಸುರಿದರೆ ಊತ ಹೆಚ್ಚುತ್ತದೆ. ಕರು ಹಾಕಲು ಎರಡು-ಮೂರು ವಾರ ಇರುವಾಗಲೇ ಉಪ್ಪು ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಊದಿದ ಕೆಚ್ಚಲನ್ನು ಬೆರಳಿಂದ ಒತ್ತಿದಾಗ ಗುಳಿ ಬಿದ್ದು ನಿಧಾನಕ್ಕೆ ಮೇಲೆದ್ದರೆ ಅದು ನೀರಿನ ಊತ. ಬಿಸಿಯಾಗಿ, ಕೆಂಪಗಾಗಿ, ಮುಟ್ಟಿದರೆ ಒದೆಯುವ ಹಾಗಿದ್ದರೆ ಅದು ಕೆಚ್ಚಲುಬಾವು ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.