ಮೊಣಕಾಲು ನೋಡಿ ರೋಗ ಹೇಳಬಹುದೇ? ಎಕ್ಸ್‌ರೇ ಪಾಠಕ್ಕೊಂದು ಟಿಪ್ಪಣಿ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಕಂಪ್ಲಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಅಸ್ಥಿಪಂಜರದ ಪಾಠ ಮಾಡಿದರು. ಚಾರ್ಟ್ ಚೆನ್ನಾಗಿತ್ತು, ಪ್ರಶ್ನೆಗಳೂ ಕ್ರಮವಾಗಿದ್ದವು. ವಿಟಮಿನ್ ಡಿ ಕೊರತೆಯ ಮಾತು ಬಂದಾಗ ಮೂರನೆಯ ಬೆಂಚಿನ ಹುಡುಗನೊಬ್ಬನನ್ನು ಮುಂದೆ ಕರೆದು, ಅವನ ಕಾಲು ತೋರಿಸಿ, "ರಿಕೆಟ್ಸ್ ಅಂದರೆ ಇದೇ" ಎಂದರು. ಹುಡುಗ ತಲೆ ತಗ್ಗಿಸಿ ನಿಂತ. ಮರುದಿನ ಶಾಲೆಗೆ ಬರಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ನಾನು "ಸ್ಥಳೀಯ ಉದಾಹರಣೆ ಬಳಸಿದ್ದಾರೆ" ಎಂದು ಮೆಚ್ಚಿ ಬರೆದು ಸಹಿ ಹಾಕಿದ್ದೆ. ಅವರ ತಪ್ಪಿಗಿಂತ ನನ್ನ ಸಹಿ ದೊಡ್ಡ ತಪ್ಪು. ಮಗುವನ್ನು ಬೋಧನೋಪಕರಣ ಮಾಡಿದ್ದು ಒಂದು. ಹೇಳಿದ ವಿಷಯವೂ ಸರಿ ಇತ್ತೆಂದು ಹೇಳಲು ನಮ್ಮಿಬ್ಬರ ಹತ್ತಿರ ಆಧಾರವಿರಲಿಲ್ಲ ಎಂಬುದು ಇನ್ನೊಂದು. ಕಾಲು ಬಾಗುವುದಕ್ಕೆ ಕಾರಣಗಳು ಹಲವು. ಅವನ್ನು ಬೇರ್ಪಡಿಸಲು ಎಕ್ಸ್‌ರೇ ಬೇಕು, ಕೆಲವೊಮ್ಮೆ ಅದೂ ಸಾಲದು.

ಮೊದಲು ಎಕ್ಸ್‌ರೇ ಎಂದರೇನು ಎಂಬುದನ್ನು ತರಗತಿಯಲ್ಲಿ ಹೇಗೆ ತರುವುದು ನೋಡೋಣ. ಕಿಟಕಿ ಮುಚ್ಚಿ, ಅಂಗೈ ಕೆಳಗೆ ಟಾರ್ಚ್ ಹಿಡಿದು ಹೊತ್ತಿಸಿ. ಬೆರಳು ಕೆಂಪಗೆ ಹೊಳೆಯುತ್ತದೆ, ಮೂಳೆ ಕಾಣುವುದಿಲ್ಲ. ಯಾಕೆ ಎಂದು ಮಕ್ಕಳನ್ನೇ ಕೇಳಿ. ಬೆಳಕು ಮಾಂಸದೊಳಗೆ ಅತ್ತಿತ್ತ ಚದುರಿಹೋಗುತ್ತದೆ, ಆದ್ದರಿಂದ ನೆರಳು ಸ್ಪಷ್ಟವಾಗಿ ಮೂಡುವುದಿಲ್ಲ. 1895ರ ನವೆಂಬರ್ 8ರಂದು ಜರ್ಮನಿಯಲ್ಲಿ ರಾಂಟ್ಜೆನ್ ಕಂಡ ಕಿರಣ ಹೀಗೆ ಚದುರದೆ ಬಹುಪಾಲು ನೇರವಾಗಿ ದಾಟುತ್ತಿತ್ತು. ಅದನ್ನು ಹೆಚ್ಚು ತಡೆಯುವುದು ಭಾರದ ಪರಮಾಣು. ಮಾಂಸದಲ್ಲಿ ಹೆಚ್ಚಾಗಿರುವುದು ಹೈಡ್ರೋಜನ್, ಕಾರ್ಬನ್, ಆಮ್ಲಜನಕ; ಇವುಗಳ ಪರಮಾಣು ಸಂಖ್ಯೆ 1, 6, 8. ಮೂಳೆಯ ಕ್ಯಾಲ್ಸಿಯಂನದು 20. ಪರಮಾಣು ಸಂಖ್ಯೆ ಏರಿದಂತೆ ಕಿರಣವನ್ನು ಹೀರುವ ಶಕ್ತಿ ಅದಕ್ಕಿಂತ ಬಹಳ ವೇಗವಾಗಿ ಏರುತ್ತದೆ. ಕಿರಣ ತಲುಪದ ಜಾಗ ಫಿಲಂನಲ್ಲಿ ಬೆಳ್ಳಗೆ ಉಳಿಯುತ್ತದೆ. ಆದ್ದರಿಂದ ಎಕ್ಸ್‌ರೇ ಎಂದರೆ ಕ್ಯಾಲ್ಸಿಯಂ ಎಲ್ಲಿದೆ, ಎಷ್ಟಿದೆ ಎಂಬುದರ ನೆರಳು. ಈ ಒಂದು ವಾಕ್ಯ ಮಕ್ಕಳಿಗೆ ದಕ್ಕಿದರೆ ಮುಂದಿನದೆಲ್ಲ ಸುಲಭ.

ಹತ್ತು ವರ್ಷದ ಮಗುವಿನ ಮಣಿಕಟ್ಟಿನ ಫಿಲಂ ನೋಡಿದವರು "ಮೂಳೆ ಮುರಿದಿದೆ" ಎನ್ನುವುದುಂಟು. ಮೂಳೆಯ ತುದಿಯ ಬಳಿ ಕಪ್ಪು ಗೆರೆಯೊಂದು ಕಾಣುತ್ತದೆ. ಅದು ಮುರಿತವಲ್ಲ, ಬೆಳವಣಿಗೆಯ ಫಲಕ. ಅಲ್ಲಿರುವುದು ಮೃದ್ವಸ್ಥಿ, ಕ್ಯಾಲ್ಸಿಯಂ ಇನ್ನೂ ತುಂಬಿಲ್ಲ. ಮಗು ಎತ್ತರ ಬೆಳೆಯುವುದು ಅಲ್ಲಿಂದಲೇ. ರಿಕೆಟ್ಸ್‌ನಲ್ಲಿ ಕ್ಯಾಲ್ಸಿಯಂ ತುಂಬುವ ಕೆಲಸ ನಿಧಾನವಾಗಿ ಈ ಗೆರೆ ಅಗಲವಾಗುತ್ತದೆ. ಮೂಳೆಯ ತುದಿ ಬಟ್ಟಲಿನಂತೆ ತಗ್ಗಾಗಿ, ಅಂಚು ಸವೆದ ಪೊರಕೆಯಂತೆ ಕೆದರಿರುತ್ತದೆ. ಮಣಿಕಟ್ಟು, ಮೊಣಕಾಲುಗಳಲ್ಲಿ ಇದು ಬೇಗ ಗೊತ್ತಾಗುತ್ತದೆ, ಬೆಳವಣಿಗೆ ಅಲ್ಲಿ ಚುರುಕು.

ಇನ್ನು ನಮ್ಮ ಸೀಮೆಯ ವಿಷಯ. ಹಂಪಿಯ ಗುಂಡುಗಲ್ಲು ಗ್ರಾನೈಟು. ಇಂಥ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಅದರ ಖನಿಜಗಳಿಂದ ಫ್ಲೋರೈಡ್ ಸೇರುವ ಸಾಧ್ಯತೆ ಹೆಚ್ಚು. ರಾಜ್ಯದ ಫ್ಲೋರೈಡ್ ಬಾಧಿತ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹೊಸಪೇಟೆ, ಕಂಪ್ಲಿಗಳಲ್ಲಿ ತುಂಗಭದ್ರೆ ಕಣ್ಣೆದುರೇ ಹರಿಯುತ್ತಾಳೆ, ಆದರೂ ಕಾಲುವೆ ದೂರವಿರುವ ಹಳ್ಳಿ ಬೋರಿನ ನೀರನ್ನೇ ನಂಬಿರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದ ಕಡೆ 1.5ರ ತನಕ ಎಂಬುದು ನಮ್ಮ ದೇಶದ ಮಾನದಂಡ. ಕಾಯಿಸಿದರೆ ಹೋಗುತ್ತದೆ ಎಂದು ಅನೇಕ ಮನೆಗಳಲ್ಲಿ ನಂಬಿಕೆ. ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಬಹುಕಾಲದ ಫ್ಲೋರೋಸಿಸ್‌ನಲ್ಲಿ ಬೆನ್ನುಮೂಳೆ ಫಿಲಂನಲ್ಲಿ ಸುಣ್ಣ ಬಳಿದಂತೆ ಅತಿ ಬಿಳಿಯಾಗುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ತೆಳು ಪೊರೆಗೂ ಕ್ಯಾಲ್ಸಿಯಂ ಹತ್ತುತ್ತದೆ. ಆ ಗುರುತು ಕಂಡರೆ ವೈದ್ಯರು ಮೊದಲು ವಿಚಾರಿಸುವುದು ಕುಡಿಯುವ ನೀರನ್ನೇ. ತೊಡಕೇನೆಂದರೆ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಮಗುವಿಗೆ ಫ್ಲೋರೈಡ್ ನೀರು ಸೇರಿದಾಗ ಮೂಳೆ ಗಟ್ಟಿಯಾಗುವ ಬದಲು ಟೊಳ್ಳಾಗಿ ಬಾಗಬಹುದು. ಆಗ ಫಿಲಂ ರಿಕೆಟ್ಸ್‌ನ ಹಾಗೆಯೇ ಕಾಣುತ್ತದೆ. ಆಂಧ್ರದ ಫ್ಲೋರೈಡ್ ಹಳ್ಳಿಗಳಲ್ಲಿ ಮೊಣಕಾಲು ಒಂದಕ್ಕೊಂದು ತಾಗುವ ಮಕ್ಕಳನ್ನು 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ವರದಿ ಮಾಡಿದ್ದರು. ಇಂಥಲ್ಲಿ ಫಿಲಂ ಜೊತೆಗೆ ರಕ್ತ, ಮೂತ್ರ, ನೀರು ಮೂರನ್ನೂ ಪರೀಕ್ಷಿಸಬೇಕು.

ಊಹೆ ಎಷ್ಟು ದೂರ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಸಾಗರ ತಾಲ್ಲೂಕಿನ ಹಂದಿಗೋಡು ಸಾಕ್ಷಿ. 1970ರ ದಶಕದ ನಡುವಿನಲ್ಲಿ ಅಲ್ಲಿನ ಕೂಲಿಕಾರ ಕುಟುಂಬಗಳಲ್ಲಿ ಸೊಂಟ, ಕೀಲು ನೋವು ಹಲವರನ್ನು ನಡೆಯಲಾಗದಂತೆ ಮಾಡಿತು. ಗದ್ದೆಗೆ ಹೊಡೆದ ಕೀಟನಾಶಕ, ಅಲ್ಲಿ ಹಿಡಿದು ತಿಂದ ಏಡಿ ಕಾರಣವೆಂದು ಮೊದಲು ಶಂಕಿಸಿದರು. ಎಕ್ಸ್‌ರೇಗಳಲ್ಲಿ ತೊಡೆಮೂಳೆಯ ದುಂಡು ತಲೆ ಚಪ್ಪಟೆಯಾಗಿದ್ದುದು, ಬೆನ್ನುಮೂಳೆಯ ಬಿಲ್ಲೆಗಳ ಆಕಾರ ಕೆಟ್ಟಿದ್ದುದು ಕಂಡಿತು. ಅದರ ಜೊತೆ ವಂಶಾವಳಿಗಳನ್ನು ಇಟ್ಟು ನೋಡಿದಾಗ, ಇದು ತಲೆಮಾರಿನಿಂದ ಬರುವ ಮೂಳೆ ಬೆಳವಣಿಗೆಯ ದೋಷವೆಂಬ ತೀರ್ಮಾನಕ್ಕೆ ತಜ್ಞರು ಬಂದರು.

ರಕ್ತನಾಳದ ಮಾತು ಸ್ವಲ್ಪ. ಮಾಂಸದ ಹಾಗೆ ರಕ್ತವೂ ಕಿರಣವನ್ನು ಹೆಚ್ಚು ತಡೆಯದ ಕಾರಣ ಸಾದಾ ಎಕ್ಸ್‌ರೇಯಲ್ಲಿ ನಾಳಗಳು ಬೇರೆಯಾಗಿ ಕಾಣುವುದಿಲ್ಲ. ಅಯೋಡಿನ್ ಇರುವ ದ್ರವ ಹರಿಸಿ ಚಿತ್ರ ತೆಗೆಯಬೇಕು, ಇಲ್ಲವೇ ಶಬ್ದತರಂಗದ ಡಾಪ್ಲರ್‌ನಿಂದ ಹರಿವನ್ನು ಅಳೆಯಬೇಕು. ಶಿಕ್ಷಕರಿಗೆ ಮುಖ್ಯವಾದ ಒಂದು ಕಾಯಿಲೆ ಇಲ್ಲಿದೆ: ಪರ್ಥೆಸ್. ಹೆಚ್ಚಾಗಿ ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ತೊಡೆಮೂಳೆಯ ತಲೆಗೆ ರಕ್ತ ಪೂರೈಕೆ ಕುಗ್ಗಿ, ಅದು ಕುಸಿಯತೊಡಗುತ್ತದೆ. ಮಗು ಕುಂಟುತ್ತದೆ, ಆದರೆ "ಮೊಣಕಾಲು ನೋವು" ಎನ್ನುತ್ತದೆ! ಆರಂಭದ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಎಂ.ಆರ್.ಐ. ಬೇಗ ಹಿಡಿಯುತ್ತದೆ. ಆಟದ ಪಿರಿಯಡ್‌ನಲ್ಲಿ "ನಾಟಕ ಮಾಡಬೇಡ" ಎಂದು ಗದರಿಸುವ ಮುನ್ನ ಇದು ನೆನಪಿರಲಿ.

ಹಾಗೆಂದು ಬಾಗಿದ ಕಾಲೆಲ್ಲ ರೋಗವೂ ಅಲ್ಲ. ಎರಡು ವರ್ಷದೊಳಗೆ ಕಾಲು ಹೊರಕ್ಕೆ ಬಾಗಿರುವುದು, ಮೂರು ನಾಲ್ಕರ ಹೊತ್ತಿಗೆ ಮೊಣಕಾಲು ತಾಗುವುದು ಸಹಜ. ಸುಮಾರು ಏಳರ ವೇಳೆಗೆ ತಾನೇ ಸರಿಹೋಗುತ್ತದೆ. ಅಂಗನವಾಡಿಗೆ ಹೋಗುವವರು ತಾಯಂದಿರನ್ನು ಹೆದರಿಸಬಾರದು. ಎಂಟು ದಾಟಿದ ಮೇಲೂ ಉಳಿದರೆ, ಒಂದೇ ಕಾಲು ಬಾಗಿದ್ದರೆ, ನೋವಿದ್ದರೆ ಆಸ್ಪತ್ರೆಗೆ ಕಳಿಸಬೇಕು. ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಪಟ್ಟಿ ಇರುವ ಮಗುವಿಗೆ "ಉಜ್ಜಿಕೊಂಡು ಬಾ" ಎನ್ನುವುದನ್ನೂ ನಾನು ಕೇಳಿದ್ದೇನೆ. ಅದು ಉಜ್ಜಿದರೆ ಹೋಗುವ ಕೊಳೆಯಲ್ಲ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ ಫ್ಲೋರೈಡ್ ಬಿಟ್ಟ ಗುರುತಾಗಿರಬಹುದು. ಒಂದೇ ಬೋರಿನ ನೀರು ಕುಡಿಯುವ ಹಲವು ಮಕ್ಕಳಲ್ಲಿ ಅದು ಕಂಡರೆ ಮುಖ್ಯೋಪಾಧ್ಯಾಯರ ಮೂಲಕ ನೀರಿನ ಪರೀಕ್ಷೆ ಕೇಳಬಹುದು.

ಆ ಪ್ರಶಿಕ್ಷಣಾರ್ಥಿ ನಾಲ್ಕನೆಯ ದಿನ ಹುಡುಗನ ಮನೆಗೆ ಹೋಗಿ ಅವನ ತಾಯಿಯ ಮುಂದೆ, "ಅಮ್ಮಾ, ತಪ್ಪು ನಂದು" ಎಂದರಂತೆ. ಹುಡುಗ ಶಾಲೆಗೆ ಬಂದ. ಬಳ್ಳಾರಿಯಲ್ಲಿ ಎಕ್ಸ್‌ರೇ ಆಯಿತು. ಅದರಲ್ಲಿ ಏನಿತ್ತೆಂಬುದು ಅವನ ಮನೆಯವರ ವಿಷಯ, ಇಲ್ಲಿ ಬರೆಯುವುದಿಲ್ಲ. ಪಾಠವನ್ನು ಅವರು ಇನ್ನೊಂದು ವಿಭಾಗದಲ್ಲಿ ಮತ್ತೆ ಮಾಡಿದರು. ಈ ಸಲ ಮುಂದೆ ಬಂದದ್ದು ಟಾರ್ಚ್, ಹಳೆಯ ಫಿಲಂ ಮತ್ತು ಅವರದೇ ಅಂಗೈ. ಕೊನೆಗೆ ಮಕ್ಕಳು ತಮ್ಮ ತಮ್ಮ ಮನೆಯ ನೀರು ನದಿಯದೋ, ಬೋರಿನದೋ, ಫಿಲ್ಟರ್ ಘಟಕದ ಕ್ಯಾನಿನದೋ ಎಂದು ಹೆಸರಿಲ್ಲದ ಚೀಟಿಯಲ್ಲಿ ಬರೆದುಕೊಟ್ಟರು. ಬೋರಿನ ಚೀಟಿಗಳೇ ಹೆಚ್ಚು ಇದ್ದವು.